ಬಿಸಿಲಿಗಿಟ್ಟ ತಲೆ

ಕಳೆದ ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ರಾಯದುರ್ಗದ ನಮ್ಮ ಮನೆಯ ಬಚ್ಚಲಲ್ಲಿ, ನನ್ನ ತಲೆಗೂದಲು ಕಪ್ಪಾಯಿತು. ಘಟನೆಯಲ್ಲಿ ಯಾರಿಗೂ ಗಾಯವಾಗಿಲ್ಲ. ಒಂದು ಟವೆಲ್ಲು ಮತ್ತು ಒಂದು ಬನಿಯನ್ನು ನಷ್ಟವಾದವು.

ನಾನು ಬಹಳ ವರ್ಷಗಳಿಂದ ಪತ್ರಿಕೆಗೆ ಸುದ್ದಿ ಬರೆಯುವವನು. ವರದಿಗಾರ ಸುದ್ದಿಯ ಹೊರಗೆ ನಿಲ್ಲಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆದರೆ ಮನುಷ್ಯ ಎಲ್ಲಿ ಹೋಗಿ ನಿಂತರೂ ಅವನ ತಲೆ ಜೊತೆಗೇ ಬರುತ್ತದೆ. ನನ್ನದು ಅಲ್ಲಿಯವರೆಗೆ ಎಳ್ಳು ಅಕ್ಕಿ ಬೆರೆಸಿಟ್ಟಂತೆ ಇತ್ತು, ಅಕ್ಕಿಯೇ ಹೆಚ್ಚು. ಆ ಭಾನುವಾರ ಮಡಕಶಿರದಲ್ಲಿ ಅಕ್ಕನ ಮಗಳು ಪಲ್ಲವಿಯ ಮದುವೆ ಮಾತುಕತೆ ಇತ್ತು. ಫೋಟೊ ತೆಗೆಯುತ್ತಾರೆ, ಸೋದರಮಾವ ಸ್ವಲ್ಪ ಲಕ್ಷಣವಾಗಿ ಕಾಣಲಿ ಎಂದು ಫ್ಯಾನ್ಸಿ ಸ್ಟೋರಿನಿಂದ ಕಪ್ಪು ಬಣ್ಣದ ಒಂದು ಪೊಟ್ಟಣ ತಂದು ಹಚ್ಚಿಕೊಂಡೆ. ಹಚ್ಚಿದ ಹೊತ್ತಿಗೆ ಸರಿಯಾಗಿ ಕಚೇರಿಯಿಂದ ಫೋನು ಬಂತು. ಬೊಮ್ಮನಹಾಳಿನ ಕಾಲುವೆ ಸುದ್ದಿಯಲ್ಲಿ ಒಬ್ಬರ ಹೆಸರನ್ನು ಖಚಿತಪಡಿಸಿಕೊಳ್ಳಬೇಕಿತ್ತು. ನಾಲ್ಕು ಕಡೆ ಫೋನು ಮಾಡಿ ಖಚಿತಪಡಿಸಿದೆ. ಹೆಸರು ಸರಿಯಾಯಿತು, ತಲೆಯ ಬಣ್ಣ ತೊಳೆಯುವ ಹೊತ್ತು ಮೀರಿತ್ತು. ತಲೆ ತೊಳೆದು ಬಂದಾಗ ಹೆಂಡತಿ ಸರೋಜ ನೋಡಿದಳು. “ಅಯ್ಯ, ಇದೇನ್ರಿ? ತಲಿ ಮ್ಯಾಲೆ ರೊಟ್ಟಿ ಹಂಚು ಬೋರಲ ಹಾಕಿದಂಗೈತಿ!” ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಸಂಜೆ ಅಕ್ಕ ಫೋನು ಮಾಡಿದಳು. ಪಲ್ಲವಿ ಬಿ.ಎಡ್. ಓದುತ್ತಿದ್ದಾಳೆ, ಟೀಚರ್ ಆಗಬೇಕೆಂಬುದು ಅವಳ ಆಸೆ. ಪಾವಗಡದ ಗಂಡಿನ ಕಡೆಯವರು ಪರೀಕ್ಷೆಗೆ ಮೊದಲೇ ಮದುವೆ ಮುಗಿಸೋಣ ಎನ್ನುತ್ತಿದ್ದಾರಂತೆ. “ಹುಡುಗ ಒಳ್ಳೇನು ಕಣೋ, ಫೋಟೊದಾಗೆ ನೋಡಿ ಅವಳಿಗೂ ಇಷ್ಟ ಆಗವ್ನೆ. ಆದ್ರೆ ಈಗ ಮದ್ವೆ ಆದ್ರೆ ಅವಳ ಓದು ಅಲ್ಲಿಗೇ ನಿಲ್ತೈತೆ. ನಿಮ್ ಭಾವಂಗೆ ರೇಷ್ಮೆ ಹುಳದ ಹತ್ರ ಬಿಟ್ರೆ ಇನ್ಯಾರ ಹತ್ರಾನೂ ಮಾತಾಡಾಕೆ ಬರಲ್ಲ. ನೀನೇ ಹೇಳ್ಬೇಕು. ನಿನ್ ಬಿಳಿ ತಲೆ ನೋಡಿದ್ರೆ ಯಾರಾದ್ರೂ ಮಾತಿಗೆ ಬೆಲೆ ಕೊಡ್ತಾರೆ” ಎಂದಳು. ನಾನು “ಆಯ್ತಕ್ಕ” ಎಂದು ಕನ್ನಡಿಯ ಕಡೆ ನೋಡಿದೆ. ಅಲ್ಲಿ ಮಾತಿಗೆ ಬೆಲೆ ತರುವಂತಹ ತಲೆ ಇರಲಿಲ್ಲ. ನಾಟಕದ ಕಂಪನಿಯ ಐವತ್ತೆಂಟು ವಯಸ್ಸಿನ ರಾಜಕುಮಾರನೊಬ್ಬ ಇದ್ದ.

ಗುಟ್ಟಾಗಿ ಪಲ್ಲವಿಗೇ ಫೋನು ಮಾಡಿ, ವಿಷಯವೆಲ್ಲ ಹೇಳಿ, ಬಣ್ಣ ತೆಗೆಯುವುದು ಹೇಗೆಂದು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ, ಅವರ ಕಾಲೇಜಿನ ಹುಡುಗಿಯರು ನಿಂಬೆರಸಕ್ಕೆ ಜೇನುತುಪ್ಪ ಬೆರೆಸಿ ಹಚ್ಚಿಕೊಂಡು ಬಿಸಿಲಿಗೆ ಕೂತು ಕೂದಲ ಬಣ್ಣ ತಿಳಿಯಾಗಿಸಿಕೊಳ್ಳುತ್ತಾರೆಂದೂ ಖರ್ಚೇ ಇಲ್ಲವೆಂದೂ ಹೇಳಿದಳು. ಬಿಸಿಲಿನ ವಿಷಯದಲ್ಲಿ ರಾಯದುರ್ಗ ಯಾವ ಊರಿಗೂ ಕೈಚಾಚಬೇಕಾಗಿಲ್ಲ. ಮನೆಯಲ್ಲಿ ನಿಂಬೆಹಣ್ಣು ಇದ್ದವು. ಜೇನುತುಪ್ಪಕ್ಕೆ ಮಾತ್ರ ಸರೋಜ ಒಪ್ಪಲಿಲ್ಲ. “ಔಷಧಕ್ಕಂತ ಇಟ್ಟಿದ್ದು ತಲಿಗೆ ಸುರೀತಾರೇನ್ರಿ? ಸಿಹಿ ತಾನ ಬೇಕಿರೋದು?” ಎಂದು ಬೆಲ್ಲದ ಪಾಕ ಮಾಡಿಕೊಟ್ಟಳು. ಅದು ಕೂಡ ಹಾಗೇ ಅಂಟುತ್ತದೆ ಎಂಬುದು ಅವಳ ವಾದ. ಅಂಟಿತು.

ಶುಕ್ರವಾರ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತೆ. ಸರೋಜ ಅಲ್ಲಿಯೇ ಚಾಪೆಯ ಮೇಲೆ ಸಂಡಿಗೆ ಇಟ್ಟಿದ್ದಳು. “ಹೆಂಗೂ ಕುಂದ್ರತೀರಿ, ಕಾಗಿ ಓಡಸ್ರಿ” ಎಂದು ಕೈಗೊಂದು ಕೋಲು ಕೊಟ್ಟು ಇಳಿದುಹೋದಳು. ಕಾಗೆಗಳನ್ನು ಓಡಿಸಿದೆ. ಇರುವೆಗಳನ್ನು ಓಡಿಸಲಾಗಲಿಲ್ಲ. ಕುರ್ಚಿಯ ಕಾಲು ಹತ್ತಿ, ಬೆನ್ನು ಹತ್ತಿ, ಸಾಲಾಗಿ ಬಂದವು. ಸಂಡಿಗೆಯ ಕಡೆ ಒಂದೂ ತಿರುಗಿ ನೋಡಲಿಲ್ಲ.

ಪಕ್ಕದ ಮಹಡಿಯಲ್ಲಿ ಕರೀಂ ಸಾಬರು ಪ್ಯಾಂಟು ಒಣಹಾಕುತ್ತಿದ್ದರು. ಅವರದು ಜೀನ್ಸ್ ಹೊಲಿಯುವ ಕಸುಬು. ನಮ್ಮ ಊರಿನಲ್ಲಿ ಹೊಸ ಪ್ಯಾಂಟನ್ನು ಹಳೆಯದರಂತೆ ಕಾಣಿಸುವುದು ಒಂದು ವಿದ್ಯೆ. ಮಾಸಿದಷ್ಟೂ ರೇಟು ಹೆಚ್ಚು. ಆ ಲೆಕ್ಕದಲ್ಲಿ ನನ್ನ ಹಳೆಯ ತಲೆ ಊರಿಗೇ ದುಬಾರಿ ಮಾಲಾಗಿತ್ತು, ನಾನೇ ಹಾಳುಮಾಡಿಕೊಂಡಿದ್ದೆ.

“ಏನ್ ಸರ್, ತಲಿ ಒಣಗಾಕೀರಿ?” ಎಂದರು ಸಾಬರು.

ವಿಷಯ ತಿಳಿಸಿದೆ. ಅವರು ನಗದೆ ಯೋಚಿಸಿ, “ಪ್ಯಾಂಟಿಗೆ ಹಾಕೋ ಪೌಡ್ರು ಚೂರು ಕೊಡ್ಲೇನ್ರಿ? ಹತ್ತು ನಿಮಿಷದಾಗ ಬೆಳ್ಳಗ ಮಾಡ್ತೈತಿ” ಎಂದರು.

“ಕೂದಲಿಗೆ ಏನೂ ಆಗಲ್ವಾ?”

“ಬಣ್ಣ ಹೋಗೋದಕ್ಕ ಗ್ಯಾರಂಟಿ ಕೊಡ್ತೀನ್ರಿ. ಕೂದ್ಲ ಉಳಿಯೋದಕ್ಕ ನಾ ಹೆಂಗ ಕೊಡ್ಲಿ?”

ನಿಂಬೆಹಣ್ಣೇ ಸಾಕೆಂದೆ. ಶನಿವಾರವೂ ಕೂತೆ. ಕಾಗೆ ಬರುವ ಕಡೆಗೇ ಮುಖ ಮಾಡಿ ಕೂತಿದ್ದರಿಂದ ಬಿಸಿಲು ಮುಂದಲೆಗೆ ಮಾತ್ರ ಬಿದ್ದಿತ್ತು. ಸಂಜೆ ಸರೋಜ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮುಂದಿನಿಂದ ಹುಣಸೆಹಣ್ಣು ಹಚ್ಚಿ ತೊಳೆದ ತಾಮ್ರದ ಚೊಂಬು, ಹಿಂದಿನಿಂದ ಅದೇ ರೊಟ್ಟಿ ಹಂಚು. “ಸಂಡಿಗಿ ಸೈತ ನಾ ತಿರುವಿ ಹಾಕ್ತೀನ್ರಿ” ಎಂದು ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿಂದ ಬಹಳ ಹೊತ್ತು ನಗು ಕೇಳಿಸಿತು.

ಭಾನುವಾರ ಹಣೆಗೆ ಎಂದಿಗಿಂತ ಅಗಲವಾಗಿ ವಿಭೂತಿ ಎಳೆದುಕೊಂಡೆ, ತಲೆಯ ಹತ್ತಿರ ಎಲ್ಲಾದರೂ ಬಿಳಿ ಇರಲಿ ಎಂದು. ಮಡಕಶಿರದಲ್ಲಿ ಬಾಗಿಲು ತೆಗೆದ ಅಕ್ಕ ನನ್ನ ತಲೆಯನ್ನು ಹಿಂದೆ ಮುಂದೆ ನೋಡಿದಳು. ಗೋಡೆಗೆ ಒರಗಿಸಿ ಕೂರಿಸಿದಳು, ಹಿಂಭಾಗ ಕಾಣದ ಹಾಗೆ.

ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಬೇಕು. ಪಲ್ಲವಿ ಕಾಫಿ ತಂದಾಗ ಹುಡುಗನನ್ನು ಬಿಟ್ಟು ಮಿಕ್ಕವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, “ನೋಡಿ, ಹಿರಿಯನಾಗಿ ಒಂದು ಮಾತು...” ಎಂದು ಶುರುಮಾಡಿದೆ. ಹುಡುಗನ ಅಜ್ಜಿ ನಡುವೆಯೇ, “ಅದಿರ್ಲಪ್ಪ, ನಿನ್ ತಲೆಗೇನಾತು? ಸುಟ್ಕಂಡ್ಯಾ?” ಎಂದು ಕೇಳಿತು. ಹುಡುಗನ ಅಪ್ಪ ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡರು. ನಾನು ಸಿದ್ಧಮಾಡಿಕೊಂಡು ಬಂದಿದ್ದ ಮಾತಿನಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ. ಅಕ್ಕ ನೆಲ ನೋಡಿದಳು. ಓದಿನ ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಆಗ ಪಲ್ಲವಿ ಟ್ರೇ ಕೆಳಗಿಟ್ಟಳು.

“ಸುಟ್ಕಂಡಿಲ್ಲ ಅಜ್ಜಿ. ನಿಂಬೆಹಣ್ಣು ಹಚ್ಕೊಂಡು ಎರಡು ದಿನ ಬಿಸಿಲಾಗೆ ಕೂತಿದ್ರು. ದೊಡ್ಡೋರ ಥರ ಕಂಡ್ರೆ ನೀವು ಮಾತು ಕೇಳ್ತೀರ ಅಂತ. ಇನ್ಮೇಲೆ ಅವರ ಕೈಲಿ ಆಗಲ್ಲ, ಆ ಮಾತು ನಾನೇ ಹೇಳ್ತೀನಿ. ನನ್ನ ಬಿ.ಎಡ್. ಪರೀಕ್ಷೆ ಮುಗೀಲಿ, ಆಮೇಲೆ ಮದ್ವೆ. ಮದ್ವೆ ಆದ್ಮೇಲೆ ಕೆಲ್ಸಕ್ಕೂ ಹೋಗ್ತೀನಿ.”

ಹುಡುಗ ಮೆಲ್ಲಗೆ, “ಅಜ್ಜಿ, ನಾನೂ ಅದ್ನೇ ಹೇಳ್ಬೇಕಂತಿದ್ದೆ” ಎಂದ.

“ನೀನು ಮೊದ್ಲೇ ಬಾಯಿ ಬಿಟ್ಟಿದ್ರೆ ಆ ಯಪ್ಪ ಯಾಕ್ಲಾ ನಿಂಬೆಹಣ್ಣು ತಿಕ್ಕಂತಿದ್ದ?” ಎಂದು ಅಜ್ಜಿ ಮೊಮ್ಮಗನ ಬೆನ್ನಿಗೊಂದು ಗುದ್ದಿತು. ಆಮೇಲೆ ಅದು ನಗತೊಡಗಿತು. ಅದರ ನಗುವಿಗೆ ಎಲ್ಲರೂ ಸೇರಿದರು, ಕೊನೆಗೆ ಬಾಗಿಲ ಬಳಿ ನಿಂತಿದ್ದ ಭಾವ ಕೂಡ. ಹುಡುಗನ ಅಪ್ಪ ಕಣ್ಣೊರೆಸಿಕೊಂಡು, “ಪರೀಕ್ಷೆ ಮುಗೀಲಿ ಬಿಡಿ. ಇಂಥಾ ಮಾವ ಇರೋ ಹುಡುಗೀನ ಬಿಡಾಕಾಗ್ತದಾ?” ಎಂದರು. ಫೋಟೊ ತೆಗೆದರು. ನನ್ನನ್ನು ನಡುವೆ ನಿಲ್ಲಿಸಿದರು.

ಪಲ್ಲವಿಯ ಪರೀಕ್ಷೆಗಳು ಮುಗಿದಿವೆ. ಮದುವೆ ಬರುವ ತಿಂಗಳು. ಮೊನ್ನೆ ಅಕ್ಕ ಫೋನು ಮಾಡಿ, ಸೋದರಮಾವನ ಉಡುಗೊರೆಗೆ ಪಂಚೆ, ಶಲ್ಯದ ಜೊತೆ ಈ ಸಲ ಒಂದು ಪೇಟವನ್ನೂ ಸೇರಿಸಿರುವುದಾಗಿ ತಿಳಿಸಿದ್ದಾಳೆ. ನನ್ನ ತಲೆಯ ಅಳತೆ ಕೇಳಲಿಲ್ಲ. ಕಿವಿ ಮುಚ್ಚುವಷ್ಟು ದೊಡ್ಡದನ್ನೇ ಆರಿಸಿದ್ದಾಳಂತೆ.