ಯಾವೂರು ಅಂತ ಯಾರಿಗೂ ಹೇಳಬಾರದಂತೆ

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಂದಕ್ಕೆ ನಕ್ಕು ಕಣ್ಣು ಒರೆಸಿಕೊಳ್ಳುವುದರೊಳಗೆ ಇನ್ನೊಂದು ಬಂದು ಬಾಗಿಲು ಬಡಿಯುತ್ತದೆ. ಆದರೆ ಮೊನ್ನೆ ಹದಿನೈದು ದಿನ ನಡೆದದ್ದಕ್ಕೆಲ್ಲ ಮೊಮ್ಮಗಳ ಶಾಲೆಯೇ ಹೊಣೆ.

ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದು ನಲವತ್ತೆಂಟು ವರ್ಷವಾಯಿತು. ಈಗ ದಹಿಸರ್‌ನಲ್ಲಿ ಮಗ, ಸೊಸೆ, ಐದನೇ ಕ್ಲಾಸಿನ ಮೊಮ್ಮಗಳ ಜೊತೆ ಇದ್ದೇನೆ. ಈ ಊರಿಗೆ ಬಂದು ನನ್ನ ನಡಿಗೆ ಬದಲಾಯಿತು, ಊಟದ ಹೊತ್ತು ಬದಲಾಯಿತು, ಒಂದು ಚಟ ಮಾತ್ರ ಹೋಗಲಿಲ್ಲ. ಯಾರ ಬಾಯಲ್ಲಾದರೂ ಕನ್ನಡ ಕೇಳಿದರೆ ಸಾಕು, ಮೂರು ಪ್ರಶ್ನೆ ತಾವಾಗಿಯೇ ಹೊರಬೀಳುತ್ತವೆ: ಯಾವೂರು? ಯಾರ ಪೈಕಿ? ನಿಮ್ಮವ್ವನ ತವರುಮನಿ ಎಲ್ಲಿ? ಮೂರನೆಯದಕ್ಕೆ ಉತ್ತರ ಬರುವುದರೊಳಗೆ ಎಂಥದೋ ಒಂದು ನಂಟು ಸಿಕ್ಕೇ ಸಿಗುತ್ತದೆ.

ಇಂಥವಳ ಮನೆಗೆ ಶಾಲೆಯಿಂದ ಒಂದು ಚೀಟಿ ಬಂತು. ಮಕ್ಕಳು ಈಗ ಪಾಠವನ್ನೂ ಟ್ಯಾಬ್‌ನಲ್ಲಿ ಓದುತ್ತಾರೆ, ಮನೆಗೆಲಸವನ್ನೂ ಅದರಲ್ಲೇ ಕಳಿಸುತ್ತಾರೆ. ಹಾಗಾಗಿ ಆನ್‌ಲೈನ್ ಸುರಕ್ಷತೆ ಕಲಿಸಲು ಹದಿನೈದು ದಿನದ ಕಾರ್ಯಕ್ರಮ. ಕೊನೆಗೆ ಒಂದು ಮಗುವಿಗೆ ‘ಸೈಬರ್ ಕ್ಯಾಪ್ಟನ್’ ಬ್ಯಾಜು. ಷರತ್ತು ಏನೆಂದರೆ, ಈ ಹದಿನೈದು ದಿನದಲ್ಲಿ ಯಾವಾಗಲಾದರೂ ಮನೆಯ ಹಿರಿಯರೊಬ್ಬರಿಗೆ ಗುರುತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. ಮಾತು ರೆಕಾರ್ಡ್ ಆಗುತ್ತದೆ. ಆ ಹಿರಿಯರು ಹೆಸರು, ವಿಳಾಸ, ಊರು, ನಂಬರು, ಏನಾದರೂ ಒಂದು ಬಾಯಿಬಿಟ್ಟರೆ ಆ ಮಗು ಔಟ್.

ನಮ್ಮ ಹುಡುಗಿಗೆ ಇದುವರೆಗೆ ಶಾಲೆಯ ಯಾವ ಕಾರ್ಯಕ್ರಮದಲ್ಲೂ ಮರಕ್ಕಿಂತ ದೊಡ್ಡ ಪಾತ್ರ ಸಿಕ್ಕಿಲ್ಲ. ಎರಡು ವರ್ಷ ಮಾವಿನ ಮರ, ಒಂದು ವರ್ಷ ಬರೀ ಪೊದೆ. ಈ ಬ್ಯಾಜಿನ ಮೇಲೆ ಅವಳ ಜೀವ ಕೂತಿತ್ತು. ಚೀಟಿ ಓದಿ ಮುಗಿಸಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ನನ್ನನ್ನು ನೋಡಿದವಳೇ ಸೋಫಾದ ಮೇಲೆ ಕುಸಿದಳು.

“ಅಜ್ಜಿ, ನೀನೇ ಅಪ್ನಾ ವೀಕ್ ಪಾಯಿಂಟ್.”

ಹತ್ತು ನಿಯಮಗಳ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ನನ್ನ ತರಬೇತಿ ಶುರುವಾಯಿತು.

ಲಿಫ್ಟಿನೊಳಗೆ

ಎರಡನೆಯ ದಿನವೇ ಪರೀಕ್ಷೆ. ಕೈಯಲ್ಲಿ ಮೆಂತ್ಯದ ಸೊಪ್ಪು, ಬದನೆಕಾಯಿಯ ಚೀಲ. ಲಿಫ್ಟಿನೊಳಗೆ ಒಬ್ಬ ಹೊಸಬ, ಸೊಸೈಟಿಗೆ ಬಂದು ವಾರವೂ ಆಗಿರಲಿಕ್ಕಿಲ್ಲ. “ಆಂಟಿ, ಕೌನ್‌ಸಾ ಫ್ಲೋರ್?” ಎಂದು ಗುಂಡಿಯ ಮೇಲೆ ಬೆರಳಿಟ್ಟ.

“ನಹೀ ಬತಾಊಂಗಿ” ಎಂದೆ.

ಪಾಪ, ಹುಡುಗ ತನ್ನ ಏಳನೆಯ ಮಹಡಿ ಒತ್ತಿದ. ನಮ್ಮದು ಎರಡನೆಯದು. ಅದು ದಾಟಿ ಹೋಗುವುದನ್ನು ಕಣ್ಣಾರೆ ನೋಡಿದೆ. ಏಳರಲ್ಲಿ ಬಾಗಿಲು ತೆರೆಯಿತು. ಅವನು ಮರ್ಯಾದಸ್ಥ, ಬಾಗಿಲು ಹಿಡಿದುಕೊಂಡು ನನಗಾಗಿ ಕಾದ. ಅವನ ಎದುರಿಗೆ ಎರಡು ಒತ್ತಿದರೆ ಗುಟ್ಟು ರಟ್ಟಾಗುತ್ತದಲ್ಲ, ಇಳಿದುಬಿಟ್ಟೆ. ಅವನ ಹೆಂಡತಿ ಮನೆಯ ಬಾಗಿಲು ತೆರೆದಳು. ಸೊಸೈಟಿಯ ಹಿರಿಯರು ಹೊಸ ಸಂಸಾರ ನೋಡಲು ತರಕಾರಿ ಹಿಡಿದು ಬಂದಿದ್ದಾರೆಂದು ತಿಳಿದು ಒಳಗೆ ಕರೆದಳು, ಚಹಾ ಇಟ್ಟಳು. ಬದನೆಕಾಯಿಯನ್ನು ಕೊಟ್ಟು ಬರದೆ ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಮೊಮ್ಮಗಳು ಸೊಂಟದ ಮೇಲೆ ಕೈ ಇಟ್ಟು, “ಹೆಸರು ಹೇಳಿದಿಯಾ?” ಎಂದಳು.

“ಎರಡು ಬಿಸ್ಕೀಟು ತಿಂದೆ. ಹೆಸರು ಹೇಳಲಿಲ್ಲ.”

ಸಂಜೆಯೊಳಗೆ ಗೋಡೆಯ ಪಟ್ಟಿಗೆ ಹನ್ನೊಂದನೆಯ ನಿಯಮ ಸೇರಿತು: ಅಪರಿಚಿತರ ಮನೆಯಲ್ಲಿ ಬಿಸ್ಕೀಟು ತಿನ್ನಬಾರದು.

ಟಿಕಳಿ

ಕಂಪ್ಯೂಟರಿನ ಕ್ಯಾಮೆರಾದಿಂದ ಯಾರಾದರೂ ನಮ್ಮನ್ನು ನೋಡಬಹುದು, ಬೇಡವಾದಾಗ ಅದನ್ನು ಮುಚ್ಚಿಡಬೇಕು ಎಂದು ಶಾಲೆಯಲ್ಲಿ ಹೇಳಿಕೊಟ್ಟರಂತೆ. ಮರುದಿನ ಬೆಳಿಗ್ಗೆ ಮಗ ಮನೆಯಿಂದಲೇ ಆಫೀಸಿನ ಮೀಟಿಂಗಿಗೆ ಕೂತ. ಸಾಹೇಬರು ಆ ಕಡೆಯಿಂದ, “ನೀವು ಕಾಣಿಸುತ್ತಿಲ್ಲ” ಎಂದರು. ಮಗ ಲ್ಯಾಪ್‌ಟಾಪ್ ಬಂದ್ ಮಾಡಿದ, ಚಾಲೂ ಮಾಡಿದ, ಅಲುಗಾಡಿಸಿದ, ಕೊನೆಗೆ ಉಫ್ ಎಂದು ಊದಿದ. ಮಧ್ಯಾಹ್ನ ರಿಪೇರಿಯವನನ್ನೇ ಕರೆಸಬೇಕಾಯಿತು.

ಅವನು ಟಾರ್ಚ್ ಹಿಡಿದು ನೋಡಿದ, ಉಗುರಿನಿಂದ ಮೆಲ್ಲಗೆ ಏನನ್ನೋ ಕೆರೆದು ತೆಗೆದ, ಅಂಗೈಯಲ್ಲಿಟ್ಟು ಬಲು ಗೌರವದಿಂದ ನನ್ನ ಸೊಸೆಯ ಮುಂದೆ ಹಿಡಿದ. “ಭಾಭೀಜಿ, ಆಪ್‌ಕೀ ಬಿಂದಿ.”

ಸೊಸೆ ಟಿಕಳಿ ಇಡುವವಳೇ ಅಲ್ಲ. ಟಿಕಳಿಯನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಟಿಕಳಿಯನ್ನು ನೋಡಿದಳು. “ಇದು ಯಾರದು?”

“ನನಗೇನು ಗೊತ್ತು!” ಎಂದು ಮಗ ಬೆವರಿದ. ಆ ಹೊತ್ತಿಗೆ ಅವನ ಅದೃಷ್ಟ ಚೆನ್ನಾಗಿತ್ತು. ನಾನು ನಿದ್ದೆ ಮುಗಿಸಿ ಎದ್ದು ಹೊರಗೆ ಬಂದೆ, ಹಣೆಯ ಮೇಲೆ ಅದೇ ಬಣ್ಣದ, ಅದೇ ಅಳತೆಯ ಟಿಕಳಿ ಇಟ್ಟುಕೊಂಡು. ತಾಯಿಯ ಮುಖ ನೋಡಿ ಮಗನಿಗೆ ಅಷ್ಟು ಸಂತೋಷವಾದದ್ದನ್ನು ನಾನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬಾಂದ್ರಾಕ್ಕೆ ಹೋದದ್ದು

ಮೊಮ್ಮಗಳಿಗೆ ಬೂಟು ಕೊಳ್ಳಲು ಇಬ್ಬರೂ ಲೋಕಲ್ ಹತ್ತಿ ಬಾಂದ್ರಾಕ್ಕೆ ಹೊರಟೆವು. ಲೇಡೀಸ್ ಡಬ್ಬಿ ಕಿಕ್ಕಿರಿದಿತ್ತು. ಕಿಟಕಿಯ ಹತ್ತಿರ ಇಳಕಲ್ ಸೀರೆ ಉಟ್ಟ ಹೆಂಗಸೊಬ್ಬಳು ಫೋನಿನಲ್ಲಿ ನಮ್ಮ ಕಡೆಯ ಕನ್ನಡವನ್ನೇ ಮಾತಾಡುತ್ತಿದ್ದಳು. ನನ್ನ ನಾಲಿಗೆ ತುರಿಸಿತು. ಮೊಮ್ಮಗಳು ಕೈ ಚಿವುಟಿದಳು. ನಾನು ಸುಮ್ಮನಿದ್ದರೂ ಆಕೆ ಸುಮ್ಮನಿರಬೇಕಲ್ಲ. ನನ್ನ ಸೀರೆಯ ಸೆರಗು ನೋಡಿ, “ಯಾವೂರ್ರೀ ನಿಮ್ದು?” ಎಂದಳು.

“ನೆನಪಿಲ್ರೀ” ಎಂದೆ.

“ಊರು ನೆನಪಿಲ್ಲ? ಹೆಸರೇನ್ರೀ ನಿಮ್ದು?”

“ಅದೂ ನೆನಪಿಲ್ಲ.”

ಆಕೆ ಗಾಬರಿಯಾಗಿ ಮೊಮ್ಮಗಳ ಕಡೆ ತಿರುಗಿದಳು. “ಈಕಿ ನಿಮ್ಮ ಅಜ್ಜಿ ಏನವ್ವಾ?”

ಮೊಮ್ಮಗಳು ನಿಯಮ ಮುರಿಯುವವಳೇ? “ಹೇಳಲ್ಲ” ಎಂದಳು.

ಹೆಸರು ಮರೆತ ಮುದುಕಿ, ಗುರುತು ಹೇಳದ ಹುಡುಗಿ! ಇಡೀ ಡಬ್ಬಿ ಎದ್ದು ನಿಂತಿತು. ನನಗೆ ಕಿಟಕಿಯ ಸೀಟು ಸಿಕ್ಕಿತು, ನೀರು ಸಿಕ್ಕಿತು, ಯಾರೋ ಕಿತ್ತಳೆ ಹಣ್ಣು ಸುಲಿದು ಕೊಟ್ಟರು. ಸಂಜೆಯ ಗರ್ದಿಯಲ್ಲಿ ಇಂಥ ಸುಖವನ್ನು ನಲವತ್ತೆಂಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ಆದರೆ ಬಾಂದ್ರಾದಲ್ಲಿ ಇಳಕಲ್ ಸೀರೆಯವಳು ನಮ್ಮ ಜೊತೆಯೇ ಇಳಿದು, ನಮ್ಮನ್ನು ನೆಟ್ಟಗೆ ಮಹಿಳಾ ಪೊಲೀಸ್ ಒಬ್ಬಳ ಮುಂದೆ ನಿಲ್ಲಿಸಿದಳು.

“ಆಜೀ, ನಾವ್ ಕಾಯ್?” ಎಂದು ಪೊಲೀಸ್ ಹೆಸರು ಕೇಳಿದಳು. ನಾನು ಮೊಮ್ಮಗಳ ಮುಖ ನೋಡಿದೆ. ಅವಳು ಪೊಲೀಸಿನವಳ ಮುಂದೆ ಕೈ ಚಾಚಿದಳು.

“ಪೆಹಲೆ ಆಪ್‌ಕಾ ಐಡಿ ಕಾರ್ಡ್.”

ಆಕೆ ನಗು ತಡೆದುಕೊಂಡು ಕಾರ್ಡ್ ಕೊಟ್ಟಳು. ಹಿಂದೆ ಮುಂದೆ ಓದಿ, ಫೋಟೋಕ್ಕೂ ಮುಖಕ್ಕೂ ತಾಳೆ ನೋಡಿ, ಮೊಮ್ಮಗಳು ನನ್ನ ಕಡೆ ತಿರುಗಿದಳು. “ಅಜ್ಜಿ, ಈಗ ನಿನಗೆ ನೆನಪು ಬರಬಹುದು.”

ಮಾದರಿ ವಿಡಿಯೊ

ಪ್ರತಿ ಮಗುವೂ ಬೇರೆ ಮಕ್ಕಳಿಗೆ ಬುದ್ಧಿ ಹೇಳುವ ಒಂದು ವಿಡಿಯೊ ಮಾಡಿ ಕಳಿಸಬೇಕಿತ್ತು. ನಮ್ಮವಳು ಬಾಲ್ಕನಿಯಲ್ಲಿ ನಿಂತು ಹಿಂದಿಯಲ್ಲಿ ಒಂದೇ ಉಸಿರಿಗೆ ಮುಗಿಸಿ, ನನಗೆ ತೋರಿಸಿದಳು. ಮೊದಲು ತನ್ನ ಪೂರ್ತಿ ಹೆಸರು ಹೇಳಿದ್ದಳು. ಆಮೇಲೆ ಬಿಲ್ಡಿಂಗಿನ ಹೆಸರು, ಮನೆಯ ನಂಬರು. “ಮಮ್ಮಿ ಪಪ್ಪಾ ಒಂಬತ್ತಕ್ಕೆ ಹೋಗುತ್ತಾರೆ. ಅಜ್ಜಿ ಎರಡರಿಂದ ನಾಲ್ಕರವರೆಗೆ ಗೊರಕೆ ಹೊಡೆಯುತ್ತಾಳೆ. ಬೀಗದ ಕೈ ತುಳಸಿ ಕುಂಡದ ಕೆಳಗೆ ಇರುತ್ತದೆ. ದೋಸ್ತೋ, ಇಂಥ ಮಾತುಗಳನ್ನು ಆನ್‌ಲೈನ್‌ನಲ್ಲಿ ಯಾರಿಗೂ ಹೇಳಬಾರದು!”

“ಭಾಳ ಚಂದ ಐತಿ” ಎಂದೆ. “ಕಳ್ಳರಿಗೆ ಚಹಾ ಎಷ್ಟು ಗಂಟೆಗೆ ಅಂತ ಹೇಳೋದು ಒಂದು ಬಿಟ್ಟಿದಿ.”

ಅವಳ ಮುಖ ಸಣ್ಣದಾಯಿತು. ಕಳಿಸಿರಲಿಲ್ಲ, ಪುಣ್ಯ. ತಕ್ಷಣ ಅಳಿಸಿದಳು. ನಾನು ಬೀಗದ ಕೈಯ ಜಾಗ ಬದಲಾಯಿಸಿದೆ. ಎಲ್ಲಿಟ್ಟೆ ಎಂದು ಇವತ್ತಿನವರೆಗೆ ನನಗೇ ನೆನಪಾಗಿಲ್ಲ. ಆನ್‌ಲೈನ್ ಸುರಕ್ಷತೆ ಎಂದರೆ ಇದು.

ಫೋನ್ ಬಂತು

ಹದಿಮೂರನೆಯ ದಿನ ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬಳೇ. ಗುರುತಿಲ್ಲದ ನಂಬರು. ಗೋಡೆಯ ಪಟ್ಟಿಯ ಎದುರಿಗೆ ಹೋಗಿ ನಿಂತು ಎತ್ತಿಕೊಂಡೆ.

“ಮಾತಾಜಿ, ಬ್ಯಾಂಕ್ ಸೆ ಬೋಲ್ ರಹಾ ಹೂಂ. ಆಪ್‌ಕಾ ನಾಮ್?”

“ನಹೀ ಬೋಲೂಂಗಿ.”

“ಆಪ್‌ಕಾ ಕಾರ್ಡ್ ಬಂದ್ ಹೋ ಜಾಯೇಗಾ.”

“ಹೋನೇ ದೋ.”

“ಆಪ್‌ಕೋ ಲಾಟರಿ ಮೇ ಕಾರ್ ಲಗೀ ಹೈ!”

“ಪಾರ್ಕಿಂಗ್ ನಹೀ ಹೈ.”

ಆ ಕಡೆ ಉಸಿರು ಬಿಟ್ಟ ಸದ್ದು. ಹಿಂದೆಯೇ ಮೆಲ್ಲಗೆ, ತನ್ನಷ್ಟಕ್ಕೆ, “ಯಪ್ಪಾ, ಭಾಳ ಗಟ್ಟಿ ಅದಾಳಲ್ಲ ಈ ಮುದುಕಿ!”

ಕನ್ನಡ! ಅದೂ ನಮ್ಮ ಕಡೆಯದು! ಪಟ್ಟಿಯಲ್ಲಿ ಹೇಳಬಾರದು ಎಂದಿತ್ತು, ಕೇಳಬಾರದು ಎಂದು ಎಲ್ಲಿಯೂ ಇರಲಿಲ್ಲ.

“ಯಾವೂರೋ ತಮ್ಮಾ?”

“ಇಂಡಿ ತಾಲೂಕ ರೀ...”

“ಯಾರ ಪೈಕಿ?”

ಹೇಳಿದ. ಅಪ್ಪನ ಹೆಸರು, ಅಜ್ಜನ ಹೆಸರು, ಮನೆ ಗುಡಿಯ ಎಡಕ್ಕೋ ಬಲಕ್ಕೋ, ಎಲ್ಲ ಹೇಳಿದ. ಅವನ ಅವ್ವನ ತವರುಮನೆ ನನ್ನ ತವರಿಗೆ ಮೂರೇ ಮೈಲಿ! ‘ನಮ್ಮೂರೂ ಅಲ್ಲೇ’ ಎನ್ನುವ ಮಾತು ಗಂಟಲಿನವರೆಗೆ ಬಂತು. ಮೊಮ್ಮಗಳು ಪೊದೆಯಾಗಿ ನಿಂತದ್ದು ಕಣ್ಣ ಮುಂದೆ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

“ಊಟಾ ಏನ್ ಮಾಡ್ತಿ?”

“ದಿನಾ ಅನ್ನನ ರೀ ಅಮ್ಮಾರ. ರೊಟ್ಟಿ ಕಣ್ಣೀಲೆ ನೋಡಿ ಎರಡು ತಿಂಗಳಾತು.” ಹುಡುಗನ ದನಿ ಒದ್ದೆಯಾಯಿತು. ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. ಮದುವೆ, ಕೆಲಸ, ಕೆಲಸ ಕೊಟ್ಟವರು, ಎಲ್ಲವನ್ನೂ ಅರ್ಧ ಗಂಟೆ ತೋಡಿಕೊಂಡ. ಕೊನೆಗೆ ಬೆಚ್ಚಿಬಿದ್ದು, “ಅಯ್ಯಯ್ಯೋ, ನಾ ಶಾಲಿ ಕಂಪ್ಯೂಟರ್ ಸರ್ ರೀ. ನಿಮ್ಮ ಪರೀಕ್ಷಾ ತಗೊಳ್ಳಾಕ ಫೋನ್ ಮಾಡಿದ್ದೆ!” ಎಂದ.

“ಮುಗೀತೇನಪ್ಪಾ ಪರೀಕ್ಷಾ?”

“ಮುಗೀತ್ರಿ. ನೀವು ಪಾಸ್.”

ಬ್ಯಾಜು ಯಾರಿಗೆ

ಹದಿನೈದನೆಯ ದಿನ ಶಾಲೆಯ ಹಾಲ್ ತುಂಬ ತಂದೆತಾಯಂದಿರು. ವೇದಿಕೆಯ ಮೇಲೆ ಪ್ರಿನ್ಸಿಪಾಲ್ ಮೇಡಂ, ಮರಾಠಿಯವರು. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಕಂಪ್ಯೂಟರ್ ಸರ್, ಬಡಕಲು ಹುಡುಗ. ಒಂದಕ್ಷರವೂ ಬಾಯಿಬಿಡದ ಮನೆ ಒಂದೇ ಎಂದು ಹೇಳಿ ಮೇಡಂ ನಮ್ಮವಳನ್ನು ಕರೆದರು. ಅವಳು ಓಡಿದ ರಭಸಕ್ಕೆ ಹೊಸ ಬೂಟು ಒಂದು ಕಳಚಿ ದಾರಿಯಲ್ಲೇ ಉಳಿಯಿತು.

ಮೇಡಂ ಬ್ಯಾಜು ಕೈಗೆತ್ತಿಕೊಂಡು, “ಮೊದಲು ಎಲ್ಲರೂ ಆ ಕಾಲ್ ಕೇಳೋಣ” ಎಂದರು.

ಸರ್ ಬಿಳಿಚಿಕೊಂಡ. “ಮೇಡಂ, ಫೈಲ್ ಓಪನ್ ಆಗುತ್ತಿಲ್ಲ.”

“ನಾನು ಮಾಡ್ತೀನಿ ಸರ್!” ಎಂದ ಮೊಮ್ಮಗಳು ಎರಡೇ ಬೆರಳಲ್ಲಿ ತೆರೆದುಬಿಟ್ಟಳು.

ಪಾರ್ಕಿಂಗ್ ಇಲ್ಲ ಎನ್ನುವವರೆಗೆ ಹಾಲ್ ಚಪ್ಪಾಳೆ ತಟ್ಟಿತು. ಆಮೇಲೆ ಬರೀ ಕನ್ನಡ. “ಸರ್ ಏನು ಹೇಳುತ್ತಿದ್ದಾರೆ?” ಎಂದು ಮೇಡಂ ಕೇಳಿದರು. ಮೊಮ್ಮಗಳು ಮೈಕ್ ಹಿಡಿದು, ನಡುನಡುವೆ ನಿಲ್ಲಿಸುತ್ತ, ಚಾಚೂ ತಪ್ಪದೆ ಹಿಂದಿಯಲ್ಲಿ ಹೇಳತೊಡಗಿದಳು.

“ಮೇಡಂ, ಸರ್‌ಗೆ ರೊಟ್ಟಿ ಸಿಗುತ್ತಿಲ್ಲವಂತೆ.”

“ಮೇಡಂ, ಮೂರು ಹುಡುಗಿಯರು ಸರ್‌ನ ಬೇಡ ಅಂದರಂತೆ.”

“ಮೇಡಂ, ನೀವು ಭಾರೀ ಸಿಟ್ಟಿನವರಂತೆ.”

“ಮೇಡಂ, ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ನಿಮ್ಮ ಹುಟ್ಟಿದ ತಾರೀಖೇ ಪಾಸ್‌ವರ್ಡ್ ಅಂತೆ.”

ಬ್ಯಾಜು ಇನ್ನೂ ಮೇಡಂ ಕೈಯಲ್ಲೇ ಇತ್ತು. ಮೊಮ್ಮಗಳು ಅದನ್ನೇ ನೋಡುತ್ತಿದ್ದಳು.

“ಇಷ್ಟು ಹೊತ್ತು ನಿನ್ನ ಅಜ್ಜಿ ತಮ್ಮ ಬಗ್ಗೆ ಏನು ಹೇಳಿದರು?”

“ಪಾರ್ಕಿಂಗ್ ಇಲ್ಲ ಅಂದರು ಮೇಡಂ. ಅಷ್ಟೇ.”

ಮೇಡಂ ತುಟಿಯ ಕೊನೆ ಅಲುಗಿತು. ಬ್ಯಾಜನ್ನು ಅವಳ ಎದೆಗೆ ಚುಚ್ಚಿ, “ಕ್ಯಾಪ್ಟನ್, ನಿನ್ನ ಮೊದಲ ಕೆಲಸ: ಒಂದು ವಾರ ಸರ್‌ಗೆ ಪಾಠ ಮಾಡು” ಎಂದರು.

ಸರ್ ಕೈಕಟ್ಟಿಕೊಂಡು ಅವಳ ಮುಂದೆ ನಿಂತ. ಮೊಮ್ಮಗಳು ಬ್ಯಾಜನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮೈಕ್ ಸರಿಮಾಡಿಕೊಂಡಳು. ಹುಟ್ಟಿದಾಗಿನಿಂದ ಕನ್ನಡದಲ್ಲಿ ಇಷ್ಟುದ್ದ ಮಾತನ್ನು ಒಂದೇ ಸಲಕ್ಕೆ ಆಡಿರದ ಹುಡುಗಿ, ಇಡೀ ಹಾಲಿನ ಎದುರಿಗೆ ಆಡಿದಳು:

“ಸರ್, ರೂಲ್ ನಂಬರ್ ಒಂದು. ಯಾರೇ ಅಜ್ಜಿ ಫೋನಿನಲ್ಲಿ ‘ಯಾವೂರು’ ಅಂತ ಕೇಳಿದರೆ, ಉತ್ತರ ಕೊಡಬೇಡಿ, ಫೋನ್ ಇಟ್ಟು ಓಡಿಹೋಗಿ!”