ಎರಡನೇ ಕ್ಯಾಸೆಟ್ಟಿನ ಅಭಿಮಾನಿ

ಜನ ಮರೆತ ಗಾಯಕರೊಬ್ಬರ ಅಭಿಮಾನಿಯಾದವನು ಆಗಾಗ ನಗೆಪಾಟಲಾಗುವುದು ಇದ್ದದ್ದೇ. ನಾನು ಪಾಂಡವಪುರದಲ್ಲಿ ಮರಗೆಲಸ ಮಾಡುವವನು. ಬರೆಯುತ್ತಿರುವುದು ಇದೇ ಮೊದಲು, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ.

ಗಾಯಕರು ಶ್ರೀರಂಗಪಟ್ಟಣದ ಕಡೆಯವರು. ಹಾಡುವುದು ರಾಕ್. ಅಂದರೆ ಗಿಟಾರು, ಡ್ರಮ್ಮು ಜೋರಾಗಿದ್ದು, ನಡುನಡುವೆ ಗಂಟಲು ಬಿಟ್ಟು ಕೂಗುವ ಹಾಡು. ಅವರ ಮೊದಲ ಕ್ಯಾಸೆಟ್ಟಿನಲ್ಲಿದ್ದ ಬಸ್ಸಿನ ಹಾಡು ಒಂದು ಕಾಲಕ್ಕೆ ಈ ಭಾಗದ ಎಲ್ಲ ಪ್ರೈವೇಟ್ ಬಸ್ಸುಗಳಲ್ಲೂ ಕೇಳುತ್ತಿತ್ತು. ಆಮೇಲೆ ಅವರು ಮಾಡಿದ್ದನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ. ಎರಡನೇ ಕ್ಯಾಸೆಟ್ಟಿನ ಕೊನೆಯಲ್ಲಿ ನಾಲೆಯ ಹಾಡು ಅಂತ ಒಂದಿದೆ. 'ನೀರು ನಿಂತ ನಾಲೆಯೊಳಗೆ ನನ್ನ ದನಿಯೇ ನಡೆದು ಬಂತು' ಎಂದು ಶುರುವಾಗುತ್ತದೆ. ನಾನು ಈ ಮೊದಲ ಸಾಲು ಹೇಳಿದರೆ ಎರಡನೇ ಸಾಲು ಹೇಳುವ ಮನುಷ್ಯ ಒಬ್ಬ ಸಿಗಬೇಕು. ನನ್ನ ಆಸೆ ಇಷ್ಟೇ. ಅದಕ್ಕಾಗಿ ಪಟ್ಟ ಪಾಡುಗಳು ಮುಂದೆ ಇವೆ.

ಬಳಗ

ಒಬ್ಬನೇ ಇದ್ದರೆ ಅಭಿಮಾನಿ, ಇನ್ನೊಬ್ಬ ಸೇರಿದರೆ ಬಳಗ. ಆ ಇನ್ನೊಬ್ಬ ಬರಲಿ ಎಂದು ಒಂದು ಹಲಗೆಗೆ ರಂದ ಹೊಡೆದು ನುಣುಪು ಮಾಡಿ, 'ರಾಕ್ ಅಭಿಮಾನಿ ಬಳಗ, ಒಳಗೆ ವಿಚಾರಿಸಿ' ಎಂದು ಬಣ್ಣದಲ್ಲಿ ಬರೆದು ಅಂಗಡಿಯ ಮುಂದೆ ತೂಗುಹಾಕಿದೆ. ಪಾತ್ರೆ, ಪುಸ್ತಕ ಜೋಡಿಸುವ ಗೂಡಿಗೂ ರಾಕ್ ಅಂತಲೇ ಹೇಳುತ್ತಾರೆ ಎಂಬುದು ಆಗ ನೆನಪಾಗಲಿಲ್ಲ. ನಾನು ದಿನವೂ ಮಾಡುವುದು ಅದನ್ನೇ.

ಮೇಲುಕೋಟೆಯಿಂದ ಒಬ್ಬ ಅಮ್ಮ ಬಂದರು.

"ಏನಪ್ಪಾ, ಅಭಿಮಾನಿ ರಾಕ್ ಅಂದ್ರೆ ಹೊಸ ಥರದ್ದೇನು?"

"ಅದು ಮರದ್ದಲ್ಲಮ್ಮ. ಹಾಡೋರಿಗೆ ಸಂಬಂಧಪಟ್ಟಿದ್ದು."

"ಹಾಗಾದ್ರೆ ಒಳ್ಳೇದೇ ಆಯ್ತು. ನಮ್ಮನೇಲೂ ಹಾಡ್ತಾರೆ. ತಂಬೂರಿ ನಿಲ್ಲೋ ಹಾಗೆ ಎತ್ತರಕ್ಕೆ ಮಾಡ್ಕೊಡು."

ಮಾಡಿಕೊಟ್ಟೆ. ಬಳಗಕ್ಕೆ ಇವತ್ತಿನವರೆಗೂ ಯಾರೂ ಸೇರಿಲ್ಲ. ಆದರೆ ಅಭಿಮಾನಿ ರಾಕ್ ಕೇಳಿಕೊಂಡು ಜನ ಬರುತ್ತಲೇ ಇದ್ದಾರೆ. ಗಾಜಿನ ಬಾಗಿಲು ಇಟ್ಟರೆ ಇನ್ನೂ ಅನುಕೂಲವಂತೆ.

ಸಂತೆ

ಸಂತೆಯ ವಿಷಯ ಹೇಳುವ ಮೊದಲು ಒಂದು ವಿವರಣೆ ಬೇಕು. ನಮ್ಮ ಕಡೆ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೊಸ ಹಾಡು ಎನ್ನಲು ಹೋದರೆ ಒಸ ಆಡು ಎಂದಾಗುತ್ತದೆ. ಆಡು ಎಂದರೆ ಮೇಕೆಯೂ ಹೌದು. ಮನೆಯಲ್ಲಿ ಮಾತಾಡುವಾಗ ಇದರಿಂದ ತೊಂದರೆಯಿಲ್ಲ. ನಾನು ಮಾತಾಡಿದ್ದು ಸಂತೆಬಾಚಹಳ್ಳಿಯ ಸಂತೆಯಲ್ಲಿ.

ಲಟ್ಟಣಿಗೆ, ಮಣೆ ಮಾರಲು ಕೂತಿದ್ದೆ. ನಮ್ಮ ಗಾಯಕರು ಬಹಳ ಕಾಲದ ಮೇಲೆ ಮೊಬೈಲಿಗೆ ಒಂದು ಹಾಡು ಬಿಟ್ಟಿದ್ದರು. ಖುಷಿ ತಡೆಯಲಾರದೆ ಪಕ್ಕದಲ್ಲಿ ಬೆಳ್ಳುಳ್ಳಿ ಮಾರುತ್ತಿದ್ದವನಿಗೆ, "ನಮ್ಮಣ್ಣಂದು ಒಸ ಆಡು ಬಂದದೆ ಕಣ್ಲಾ" ಅಂದೆ. ಅವನು ತಲೆ ಎತ್ತಲಿಲ್ಲ. ಹಿಂದೆ ನಿಂತಿದ್ದ ಪೇಟದ ಯಜಮಾನರು ಮಾತ್ರ ಮುಂದೆ ಬಂದರು.

"ಎಲ್ಲದೆ? ತೋರ್ಸು, ನೋಡವ."

"ನೋಡದಲ್ಲ ಯಜಮಾನ್ರೇ, ಕೇಳದು."

"ಕೇಳದಾ? ಅಂಗಾರೆ ಅರಚ್ತದಾ?"

ನನಗೆ ಸಂತೋಷವಾಯಿತು. ಮೊದಲ ಸಲ ಯಾರೋ ರಾಕ್ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ್ದರು.

"ನಡುನಡುವೆ ಅರಚ್ತದೆ. ಅದೇ ಅದರ ಸೊಗಸು."

"ವಯಸ್ಸೆಷ್ಟು?"

"ಅರವತ್ತರ ಅತ್ರ."

ಅವರು ನನ್ನ ಮುಖವನ್ನೇ ನೋಡಿದರು. "ಅರವತ್ತು ವರ್ಸದ ಆಡಾ? ಅದ್ಯಾಕ್ಲಾ ಮಾರೀಯೆ, ಗುಡಿ ಕಟ್ಸು" ಎಂದು ಹೇಳಿ ಹೊರಟುಹೋದರು.

ಹೊಲ

ನನಗೆ ಒಬ್ಬನೇ ಸ್ನೇಹಿತ. ಮೇಲುಕೋಟೆ ಬೆಟ್ಟದ ಬುಡದಲ್ಲಿ ಕಡಲೆಕಾಯಿ ಬೆಳೆಯುತ್ತಾನೆ. ಗಾಯಕರ ಎಲ್ಲ ಹಾಡುಗಳನ್ನೂ ಪೆನ್‌ಡ್ರೈವಿಗೆ ಹಾಕಿಸಿ, ಕೇಳಲೇಬೇಕು ಎಂದು ಆಣೆ ಹಾಕಿಸಿ ಅವನಿಗೆ ಕೊಟ್ಟೆ. ಸ್ವಲ್ಪ ದಿನ ಬಿಟ್ಟು ಅವನೇ ಫೋನು ಮಾಡಿದ.

"ಲೇ, ಸೂಪರ್ ಕಣ್ಲಾ ನಿಮ್ಮಣ್ಣ! ದಿನಾ ಆಕ್ತೀನಿ."

ನಿಂತಿದ್ದವನು ಮರದ ದಿಮ್ಮಿಯ ಮೇಲೆ ಕೂತುಬಿಟ್ಟೆ. ಇವನೇ ಆ ಮನುಷ್ಯ ಅಂದುಕೊಂಡೆ. ಉಳಿ ಕೆಳಗಿಟ್ಟು, "ನಾಲೆ ಆಡು ಕೇಳಿದ್ಯಾ?" ಎಂದೆ.

"ಅದ್ಯಾವ್ದೋ ಗೊತ್ತಿಲ್ಲ. ಒಲದಲ್ಲಿ ಸ್ಪೀಕರ್ ಕಟ್ಟಿವ್ನಿ. ಕಾಡಂದಿ ಒಂದೂ ಒಳಕ್ ಬತ್ತಿಲ್ಲ."

"ಅಂದಿ ಓಡ್ಸಕಾ?" ಅಂದೆ. ಅವನು ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದ: "ಬೇಜಾರಾಗ್ಬ್ಯಾಡ ಕಣ್ಲಾ. ಎಲ್ಲಾ ಆಡ್ಗೂ ಓಡಾಕಿಲ್ಲ. ಆ ಬಸ್ಸಿನ್ ಆಡು ಬತ್ತದಲ್ಲಾ, ಅದುಕ್ಕೆ ಮಾತ್ರ ನಿಂತ್ಕಂಡು ಕೇಳ್ತವೆ."

ಹಂದಿಗಳಿಗೂ ಹಿಟ್ ಹಾಡೇ ಬೇಕು ಎಂದು ಅವತ್ತು ಗೊತ್ತಾಯಿತು.

ನಾಗಮಂಗಲ

ಹೋದ ವರ್ಷ ನಾಗಮಂಗಲದಲ್ಲಿ ಒಂದು ಮೊಬೈಲ್ ಅಂಗಡಿಯ ಉದ್ಘಾಟನೆಗೆ ಗಾಯಕರೇ ಬರುತ್ತಾರೆಂದು ತಿಳಿಯಿತು. ಇಡೀ ಲೋಕದಲ್ಲಿ ಆ ಎರಡನೇ ಸಾಲು ಗೊತ್ತಿರುವ ಇನ್ನೊಬ್ಬ ಮನುಷ್ಯ ಎಂದರೆ ಅವರು. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ! ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ.

ಅವರು ಬಸ್ಸಿನ ಹಾಡು ಹಾಡಿದರು. ಅಂಗಡಿಯವರು ಇನ್ನೊಮ್ಮೆ ಎಂದರು. ಮತ್ತೆ ಅದನ್ನೇ ಹಾಡಿದರು. ಚಪ್ಪಾಳೆ ಮುಗಿಯುವ ಮೊದಲೇ ಜನ ಸ್ಪೀಕರಿನ ಕಡೆಯಿಂದ ಆಫರ್ ಬೋರ್ಡಿನ ಕಡೆ ತಿರುಗಿದರು. ಅವರು ಶಾಮಿಯಾನದ ಹಿಂದೆ ಹೋಗಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರೇ ಕೂತು ಕೇಸರಿಬಾತು ತಿನ್ನುತ್ತಿದ್ದರು. ಕೂದಲಿಗೆ ಬಣ್ಣ ಹಚ್ಚಿದ್ದರೂ ಕಿವಿಯ ಹತ್ತಿರ ಬಿಳಿ ಉಳಿದಿತ್ತು.

ನಾನು ಯಾರು, ಯಾಕೆ ಬಂದೆ ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ನಿಂತಾಗ ಅದನ್ನೆಲ್ಲ ಬಿಟ್ಟು ಕೈಮುಗಿದು ಹಾಡಿಯೇಬಿಟ್ಟೆ.

"ನೀರು ನಿಂತ ನಾಲೆಯೊಳಗೆ ನನ್ನ ದನಿಯೇ ನಡೆದು ಬಂತೂಊಊ..."

ಕ್ಯಾಸೆಟ್ಟಿನಲ್ಲಿ ಅವರು ಎಳೆದಷ್ಟೇ ಎಳೆದು, ಮುಂದಿನ ಸಾಲನ್ನು ಅವರು ಎತ್ತಿಕೊಳ್ಳಲಿ ಎಂದು ನಿಲ್ಲಿಸಿದೆ. ಅವರು ಚಮಚ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಕಾದೆ. ಕೊನೆಗೆ ಆ ಸಾಲನ್ನೂ ನಾನೇ ಹೇಳಿದೆ: "ಕೂಗಿದವರು ಯಾರು ಎಂದು ಕೇಳಿ ಕೇಳಿ ಸುಮ್ಮನಾಯ್ತು."

"ಚೆನ್ನಾಗದೆ ಕಣಣ್ಣ," ಅಂದರು ಮನಸಾರೆ. "ಯಾರ್ದಿದು?"

"ನಿಮ್ದೇ ಅಣ್ಣ."

ಇಲ್ಲಿ ನಮ್ಮ ಕಡೆಯ ಮರ್ಯಾದೆಯೊಂದನ್ನು ಹೇಳಬೇಕು. ಯಾರಾದರೂ ನಮ್ಮದೇನನ್ನೋ ಮೆಚ್ಚಿಕೊಂಡು ಯಾರದ್ದು ಎಂದು ಕೇಳಿದರೆ, ಮನೆಯಾಗಲಿ, ಎತ್ತಾಗಲಿ, "ನಿಮ್ದೇ" ಎನ್ನುತ್ತೇವೆ. ಅದನ್ನು ಯಾರೂ ನಿಜವೆಂದು ತಿಳಿಯುವುದಿಲ್ಲ.

ಅವರೂ ತಿಳಿಯಲಿಲ್ಲ. "ದೊಡ್ಮನ್ಸು ನಿಮ್ದು" ಎಂದು ನಕ್ಕು, ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡರು. ಕೇಸರಿಬಾತು ತರಿಸಿಕೊಟ್ಟರು. ಅವರ ಪಕ್ಕದಲ್ಲಿ ಕೂತು ತಿನ್ನುತ್ತಾ, ಹೇಗೆ ತಿಳಿಸಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ನನ್ನ ಹೆಗಲ ಮೇಲೆ ಕೈಯಿಟ್ಟು, ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

"ಬೇಜಾರ್ ಮಾಡ್ಕಬ್ಯಾಡಿ, ಒಂದ್ ಮಾತು. ಆ ಬಂತೂ ಅನ್ನೋ ಕಡೆ ಅಷ್ಟ್ ಎಳೀಬ್ಯಾಡಿ. ಆಡಕ್ ಬರ್ದೇ ಇರೋರು ಅಂಗ್ ಎಳೀತಾರೆ."