ಹನ್ನೊಂದೂ ಬಡಿಸಿಬಿಡು

ನಮ್ಮ ಸೋದರಮಾವನನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋಗುವುದಕ್ಕಿಂತ ಅವರ ಮೇಲೆ ಕೋರ್ಟಿಗೆ ಹೋಗುವುದು ವಾಸಿ. ಕೋರ್ಟಿನಲ್ಲಿ ಎಂದಾದರೊಂದು ದಿನ ತೀರ್ಪು ಬರುತ್ತದೆ. ಮಾಮಾನ ಊಟ ಶುರುವೇ ಆಗುವುದಿಲ್ಲ!

ಕಾರಣ ಕೇಳಿ. ಎಲೆಯ ಮೇಲೆ ಕೋಸಂಬರಿಯಿಂದ ತುಪ್ಪದವರೆಗೆ ಎಲ್ಲ ಬಡಿಸಿ ಮುಗಿಯಬೇಕು, ಮನೆಯ ಯಜಮಾನರು ಬಂದು "ಸಾವಕಾಶ ಆಗ್ಲಿ" ಅನ್ನಬೇಕು. ಅದಕ್ಕೆ ಮೊದಲೇ ತುತ್ತು ಎತ್ತಿದವನು ಮಾಮಾನ ದೃಷ್ಟಿಯಲ್ಲಿ ಮನುಷ್ಯನೇ ಅಲ್ಲ. ಪಂಕ್ತಿಯಲ್ಲಿ ಸರಿ, ಒಪ್ಪೋಣ. ಮಲ್ಕಾಜ್‌ಗಿರಿ ಸ್ಟೇಷನ್ ಎದುರು ಗಾಡಿಯ ಮುಂದೆ ನಿಂತು ಇಡ್ಲಿ ತಿನ್ನುವಾಗಲೂ ಹೀಗೆಯೇ? ಚಟ್ನಿ ಬಂದು ಸಾಂಬಾರು ಬರದಿದ್ದರೆ ಪ್ಲೇಟು ಹಿಡಿದು ಸುಮ್ಮನೆ ನಿಂತುಬಿಡುತ್ತಾರೆ. ರೈಲ್ವೆ ಗಾರ್ಡ್ ಆಗಿ ಸವೆದ ಜೀವ. ಎಲ್ಲ ಡಬ್ಬಿ ಸರಿಯಿವೆ ಅಂತ ಖಾತ್ರಿಯಾಗದೆ ಹಸಿರು ಬಾವುಟ ಎತ್ತುವವರಲ್ಲ. ಅಮೀರ್‌ಪೇಟ್‌ನ ಒಂದು ಮದುವೆಯಲ್ಲಿ ಬಫೆ ಇತ್ತು. ಮಾಮಾ ಕುರ್ಚಿ ಎಳೆದುಕೊಂಡು, ಬಡಿಸುವವರು ಬರುತ್ತಾರೆಂದು ಕೂತರು. ಕಡೆಗೆ ಬಂದವರು ಶಾಮಿಯಾನ ಬಿಚ್ಚುವವರು!

ಇಂಥವರನ್ನು ದೊಡ್ಡ ಹೋಟೆಲಿಗೆ ಕರೆದೊಯ್ಯಲು ನನಗೇನು ಹುಚ್ಚೇ? ಹುಚ್ಚಲ್ಲ, ಮಾಮಿಗಾಗಿ. ಮಾಮಿಯ ಗಂಟಲಿಗೆ ಕಾಯಿಲೆ ಬಂತು, ಆಸ್ಪತ್ರೆಯಲ್ಲಿ ರೇಡಿಯೇಷನ್ ಅನ್ನುವ ಕರೆಂಟು ಕೊಟ್ಟರು. ಕಾಯಿಲೆ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಒಯ್ದಿತು. ಆರು ತಿಂಗಳಲ್ಲಿ ರುಚಿ ತಿರುಗಿ ಬರಬಹುದು ಅಂದಿದ್ದರು ಡಾಕ್ಟರು. ಹತ್ತು ತಿಂಗಳಾಗಿತ್ತು. ಏನು ಕೊಟ್ಟರೂ "ಮಣ್ಣ ತಿಂದಂಗ ಆಗ್ತೈತಿ" ಎಂದು ಎರಡನೇ ತುತ್ತಿಗೆ ತಟ್ಟೆ ಸರಿಸುತ್ತಿದ್ದರು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಮಾಮಾ ವಾರಕ್ಕೊಮ್ಮೆ ಕಾಚಿಗೂಡ ಸ್ಟೇಷನ್ನಿಗೆ ಹೋಗಿ, ಊರ ಕಡೆಯ ರೈಲಿನಲ್ಲಿ ಬಂದ ಕೆಂಪು ಹಿಂಡಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ ಇಳಿಸಿಕೊಂಡು ತಂದರು. ಮಾಮಿ ಒಂದೊಂದನ್ನೂ ನಾಲಿಗೆಗೆ ಮುಟ್ಟಿಸಿ ತಲೆ ಅಲ್ಲಾಡಿಸಿದರು. ನಾವೆಲ್ಲ ಕೈಚೆಲ್ಲಿದ್ದೆವು. ಹೀಗೇ ಆದರೆ ಇವರು ಉಳಿಯುವುದಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆಗ ಆಫೀಸಿನವರೊಬ್ಬರು ಹೇಳಿದರು: ನವಾಬರ ಕಾಲದ ಒಂದು ಹಳೇ ಮಹಲು, ದೇವಡಿ ಅಂತಾರೆ, ಅದರಲ್ಲಿ ಹೋಟೆಲು ಆಗಿದೆ, ಹನ್ನೊಂದು ಬಗೆ ತಿನಿಸು, ಒಂದೊಂದೂ ಎರಡೇ ತುತ್ತು. ಎರಡೇ ತುತ್ತು! ಮಾಮಿಗೆಂದೇ ಮಾಡಿದಂತಿದೆಯಲ್ಲ? ಹನ್ನೊಂದರಲ್ಲಿ ಒಂದಾದರೂ ನಾಲಿಗೆಗೆ ಹತ್ತೀತು ಅಂತ ಮಧ್ಯಾಹ್ನದ ಊಟಕ್ಕೆ ಮೂವರ ಹೆಸರು ಬರೆಸಿದೆ.

ಆನೆ ನುಗ್ಗುವಂಥ ಬಾಗಿಲು, ತಲೆಯ ಮೇಲೆ ಝೂಮರು ದೀಪದ ಗೊಂಚಲು. ಹಿಟ್ಟು ಕಲಸುವ ಪರಾತದಷ್ಟು ಅಗಲದ ತಟ್ಟೆ ಬಂತು, ಅದರ ನಡುವೆ ಲಿಂಬೆಕಾಯಿ ಗಾತ್ರದ ಒಂದೇ ಒಂದು ಅಣಬೆ.

"ನವಾಬ ಹಿಂಗ ಉಂಡಿದ್ರ ರಾಜ್ಯ ಆಳೋದಿರಲಿ, ಹಾಸಿಗಿ ಬಿಟ್ಟು ಏಳ್ತಿದ್ದಿಲ್ಲ" ಅಂದರು ಮಾಮಾ. ಅಂದು, ಕೈಕಟ್ಟಿ ಕೂತರು.

ಕಪ್ಪು ಕೋಟಿನ ಸರ್ವರ್ ಬಗ್ಗಿ "ಶುರೂ ಕೀಜಿಯೇ ಸರ್" ಅಂದ.

"ಉಳಿದದ್ದು ಬರಲಿ."

ಅವನ ನಿಯಮ, ಒಂದು ತಟ್ಟೆ ಖಾಲಿಯಾಗದೆ ಇನ್ನೊಂದು ಬರುವಂತಿಲ್ಲ. ಮಾಮಾನ ನಿಯಮ ನಿಮಗೆ ಗೊತ್ತೇ ಇದೆ. ಇಬ್ಬರೂ ಒಬ್ಬರನ್ನೊಬ್ಬರು ವಿನಯದಿಂದ ನೋಡುತ್ತಾ ಕಾದರು. ಗಂಡ ಕೈ ಹಾಕಿಲ್ಲವೆಂದು ಮಾಮಿಯೂ ಕಾದರು. ಅಕ್ಕಪಕ್ಕದ ಟೇಬಲಿನವರು ಮೂರನೆಯದಕ್ಕೆ ಬಂದರು, ನಾಲ್ಕನೆಯದಕ್ಕೆ ಬಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ಮಾಮಾ, ಕೈ ಮುಗೀತೀನಿ. ಇಲ್ಲಿ ಒಂದು ಮುಗಿದ ಮ್ಯಾಲೆ ಇನ್ನೊಂದು ತರ್ತಾರ."

"ಅರ್ಧಾ ಎಲಿ ಮುಂದ ಮಂದೀನ್ನ ಕುಂದರಿಸೋದು ಯಾವ ಊರ ಪದ್ಧತಿ?"

ಕೊನೆಗೆ ಸರ್ವರ್ ಮಾಮಾನ ಕಿವಿಯ ಹತ್ತಿರ ಬಂದ. "ಕಾಕಾ, ನಾನೂ ಬೀದರ ಕಡೀಂವನ ಅದೀನ್ರಿ. ಒಳಗ ಅಡಗಿಯವ್ರು ಸಿಟ್ಟಿಗೆದ್ದು ಕುದಿಯಾಕತ್ತಾರ. ಒಂದ ತುತ್ತು ತಗೋರಿ."

ಮಾಮಾನ ಮುಖ ಅರಳಿತು. "ನಮ್ಮಂವನ! ಹಂಗಾರ ನಿನಗ ತಿಳೀತೈತಿ. ಹನ್ನೊಂದೂ ಬಡಿಸಿಬಿಡು."

ಅವನು ಸೋತ. ಪಕ್ಕದ ಟೇಬಲು ಎಳೆದು ಜೋಡಿಸಿ, ಮೂವರಿಗೂ ಹನ್ನೊಂದು ಹನ್ನೊಂದು ತಂದಿಟ್ಟ. ಒಂದರ ಮೇಲಿನ ನೊರೆ ಇಳಿಯಿತು, ಬಿಸಿಯದು ತಣಿಯಿತು, ತಣ್ಣನೆಯದು ಕರಗಿತು. ಇಷ್ಟು ದಿನದ ಆಸೆಯೂ ಅದರ ಜೊತೆಗೇ ಕರಗಿತು ಅನ್ನಿಸಿ ನನಗೆ ಅಳುವೇ ಬಂತು.

"ಈಗರೆ ಉಣ್ರಿ ಮಾಮಾ!" ಅಂತ ರೇಗಿದೆ.

ಮಾಮಾ ಎದ್ದು ನಿಂತರು. ಹೆಗಲ ಮೇಲೆ ಹೋಟೆಲಿನ ಕೈ ಒರೆಸುವ ಬಟ್ಟೆ ಹಾಕಿಕೊಂಡು ಮಾಮಿಯ ಕಡೆ ತಿರುಗಿ "ಸಾವಕಾಶ ಆಗ್ಲಿ" ಅಂದರು. ಆಮೇಲೆ ನನಗೆ, "ನಲವತ್ತು ವರ್ಷ ಎಲ್ಲಾರಿಗೂ ಈಕಿನ ಬಡಿಸಿದ್ಲು. ಎಲ್ಲಾರದೂ ಆದ ಮ್ಯಾಲೆ ಅಡಗಿಮನ್ಯಾಗ ಒಬ್ಬಾಕಿನ ಕುಂತು ಉಳಿದದ್ದು ಉಂಡ್ಲು. ತುಂಬಿದ ಎಲಿ ಮುಂದ ಈಕಿ ಕುಂತದ್ದು ನಾ ಒಂದಿನಾನೂ ನೋಡಿಲ್ಲ" ಅಂದರು.



ಮಾಮಿ ಚಮಚ ಎತ್ತಿದರು. ಮೊದಲನೆಯದು, ಎರಡನೆಯದು, ಐದನೆಯದು. ಮುಖದಲ್ಲಿ ಏನೂ ಇಲ್ಲ. ಮಾಮಾ ಬಗ್ಗಿ ಅವರ ಬಾಯಿಯನ್ನೇ ನೋಡುತ್ತಿದ್ದರು. ಕೊನೆಯ ಬಟ್ಟಲಿನ ಬೆಳ್ಳಗಿನದನ್ನು ಮಾಮಿ ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡರು. ಗಂಡನ ಮುಖ ನೋಡಿದರು.

"ಇದಕ್ಕ ಉಪ್ಪು ಚೂರು ಹೆಚ್ಚಾತ್ರಿ."

"ಏನಂದಿ?"

"ಉಪ್ಪು ಅಂದ್ನಿ. ಹೆಚ್ಚಾಗೈತಿ."

ಮಾಮಾ ಬೀದರಿನವನ ಎರಡೂ ಕೈ ಹಿಡಿದುಕೊಂಡರು. "ಉಪ್ಪು ಹೆಚ್ಚಾಗೈತಂತೋ ಯಪ್ಪಾ! ಹೋಗಿ ಹೇಳಪಾ ಒಳಗ, ಉಪ್ಪು ಹೆಚ್ಚಾಗೈತಂತ!" ಇಡೀ ದೇವಡಿಗೆ ಕೇಳಿಸಿತು. ಏನೋ ಜಗಳವೆಂದು ಜನ ತಿರುಗಿ ನೋಡಿದರು. ಮಾಮಾ ಮಗುವಿನಂತೆ ಅಳುತ್ತಿದ್ದರು.

ನಾನು ನನ್ನ ಪಾಲಿನ ಅದೇ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟೆ. ಒಳಗೆ ಖುಬಾನಿ ಹಣ್ಣು, ಮೇಲೆ ಕೆನೆ. ಬರೀ ಸಕ್ಕರೆ. ಉಪ್ಪಿನ ಒಂದು ಹರಳೂ ಇರಲಿಲ್ಲ.

ಬೀದರಿನವನು ಏನೋ ಹೇಳಲು ಬಾಯಿ ತೆರೆದ. ಮಾಮಿಯ ಮುಖ ನೋಡಿ ಮುಚ್ಚಿಕೊಂಡ. "ತಪ್ಪಾತ್ರಿ ಕಾಕಾ, ಹೇಳ್ತೀನ್ರಿ" ಅಂದು ತಲೆ ತಗ್ಗಿಸಿ ಒಳಗೆ ಹೋದ.

ಮಾಮಿ ಮತ್ತೊಂದು ಚಮಚ ಎತ್ತಿದರು. ಮಾಮಾ ಕಣ್ಣು ಒರೆಸಿಕೊಂಡು ಕೂರುವಷ್ಟರಲ್ಲಿ, ಅವರ ಪಾಲಿನ ಆ ಸಿಹಿಯ ಬಟ್ಟಲನ್ನು ನಾನು ಎಳೆದುಕೊಂಡು ಗಬಗಬ ತಿಂದು ಖಾಲಿ ಮಾಡಿದೆ.